ಎಂಜಿನಿಯರಿಂಗ್ ಬಿಟ್ಟ ಹುಡುಗ ಫೆಲಿಕ್ಸ್ ಬ್ಲಾಕ್

ಹೋದ ರಜೆಯಲ್ಲಿ ಅಜ್ಜಿಯ ಸೊಂಟನೋವು ಜಾಸ್ತಿಯಾಗಿ, ಶೀಳನೆರೆಯಿಂದ ಮೈಸೂರಿಗೆ ಎಂಆರ್‌ಐ ಮಾಡಿಸೋಕೆ ಕರೆದುಕೊಂಡು ಹೋಗಿದ್ದೆ. ಓಲೆ, ಮೂಗುತಿ, ಬಳೆ ಎಲ್ಲಾ ಬಿಚ್ಚಿಸಿ ಒಳಗೆ ಮಲಗಿಸಿದರು. ಅರ್ಧ ಗಂಟೆ ಬಿಟ್ಟು ಹೊರಗೆ ಬಂದ ಅಜ್ಜಿಯ ಮೊದಲ ತಕರಾರು, ಒಳಗೆ ಯಾರೋ ಬಂಡೆ ಒಡೀತಾ ಇದ್ರು ಅನ್ನೋದು. ಎರಡನೆಯದು ತಕರಾರಲ್ಲ, ಪ್ರಶ್ನೆ. ಮೈಗೆ ಏನೂ ತಾಕಲಿಲ್ಲ, ಬೆಳಕೂ ಬೀಳಲಿಲ್ಲ, ಹಾಗಿದ್ರೆ ಒಳಗಿನ ಮೂಳೆ ಫೋಟೋ ಹೆಂಗೆ ಬಂತು ಅಂತ. ಎಲೆಕ್ಟ್ರಾನಿಕ್ಸ್ ಓದ್ತಾ ಇರೋ ಮೊಮ್ಮಗ ನಾನು. ಬಸ್ಸು ಪಾಂಡವಪುರ ದಾಟಿದರೂ ನೆಟ್ಟಗೆ ಒಂದು ಉತ್ತರ ಕೊಡೋಕೆ ಆಗಲಿಲ್ಲ.

ಬಂಡೆ ಒಡೆಯೋ ಸದ್ದು ಗ್ರೇಡಿಯಂಟ್ ಕಾಯಿಲ್‌ಗಳದ್ದು. ಬಲವಾದ ಕಾಂತಕ್ಷೇತ್ರದ ನಡುವೆ ಅವುಗಳಲ್ಲಿ ಕರೆಂಟು ಏರಿಳಿದಾಗ ಅವು ಅದುರುತ್ತವೆ. ಚಿತ್ರಕ್ಕೆ ಬೇಕಾದ ಸಿಗ್ನಲ್ ಎಬ್ಬಿಸೋದು ಮಾತ್ರ ಸದ್ದಿಲ್ಲದ ಇನ್ನೊಂದು ವಸ್ತು, ರೇಡಿಯೋ ಪಲ್ಸ್. ಅಜ್ಜಿಯ ಫಿಲ್ಮಿನಲ್ಲಿ ಟಿ1, ಟಿ2, ಸ್ಟಿರ್ ಅಂತ ಬರೆದಿತ್ತು. ಹುಡುಕುತ್ತಾ ಹೋದಾಗ ಆ ಟಿ1, ಟಿ2 ನನ್ನನ್ನು 1946ರ ಒಂದು ಭೌತಶಾಸ್ತ್ರ ಲೇಖನಕ್ಕೆ ಕರೆದುಕೊಂಡು ಹೋದವು. ಬರೆದವರು ಫೆಲಿಕ್ಸ್ ಬ್ಲಾಕ್. ಎಂಜಿನಿಯರಿಂಗ್ ಸೇರಿ ಒಂದೇ ವರ್ಷಕ್ಕೆ ಬಿಟ್ಟವರು. ಅವರ ಬದುಕು ಓದಿದ ಮೇಲೆ ನನಗೆ ಅನಿಸಿದ್ದು, ಅವರು ಎಂಜಿನಿಯರಿಂಗ್ ಬಿಟ್ಟರೂ ಎಂಜಿನಿಯರಿಂಗ್ ಅವರನ್ನು ಬಿಡಲಿಲ್ಲ ಅಂತ.

ಧಾನ್ಯ ವ್ಯಾಪಾರಿಯ ಮಗ

ಬ್ಲಾಕ್ ಹುಟ್ಟಿದ್ದು 1905ರ ಅಕ್ಟೋಬರ್ 23ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ತಂದೆ ಗುಸ್ತಾವ್ ಧಾನ್ಯದ ಸಗಟು ವ್ಯಾಪಾರಿ. ನಮ್ಮ ಕಡೆ ಮಾತಿನಲ್ಲಿ ಹೇಳೋದಾದ್ರೆ ಮಂಡಿ ಇಟ್ಟುಕೊಂಡೋರು. ಒಬ್ಬ ಸೋದರಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ಹುಡುಗ ಲೆಕ್ಕದಲ್ಲಿ ಚುರುಕು. ಲೆಕ್ಕ ಚೆನ್ನಾಗಿ ಬರುವ ಹುಡುಗರಿಗೆ ಏನಾಗುತ್ತೋ ಅದೇ ಆಯಿತು. 1924ರಲ್ಲಿ ಅದೇ ಊರಿನ ಇಟಿಎಚ್ ತಾಂತ್ರಿಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್‌ಗೆ ಸೇರಿದರು.

ಒಂದು ವರ್ಷ ಕಳೆಯಿತು. ಮನಸ್ಸು ಭೌತಶಾಸ್ತ್ರದ ಕಡೆ ಎಳೆಯಿತು, ವಿಭಾಗ ಬದಲಿಸಿದರು. ಆ ಕಾಲಕ್ಕೆ ಅದು ಧೈರ್ಯದ ಕೆಲಸ, ಯಾಕೆಂದರೆ ಭೌತಶಾಸ್ತ್ರ ಓದಿದವರಿಗೆ ಕೆಲಸ ಸಿಗೋದು ಅಷ್ಟು ಸುಲಭ ಇರಲಿಲ್ಲ. ಆದರೆ ಜ್ಯೂರಿಕ್ ಆಗ ಸುಮ್ಮನೆ ಇದ್ದ ಊರಲ್ಲ. ಪೀಟರ್ ಡಿಬೈ, ಎರ್ವಿನ್ ಶ್ರೋಡಿಂಗರ್ ಅಲ್ಲೇ ಇದ್ದರು. ಡಿ ಬ್ರಾಯ್ ಹೇಳಿದ ಅಲೆಗಳ ಬಗ್ಗೆ ಶ್ರೋಡಿಂಗರ್ ಒಂದು ಭಾಷಣ ಕೊಟ್ಟಾಗ, ಅಲೆ ಅಂದಮೇಲೆ ಅದಕ್ಕೊಂದು ಅಲೆಯ ಸಮೀಕರಣ ಬೇಡವೇ ಎಂದು ಡಿಬೈ ಕೇಳಿದರಂತೆ. ಸ್ವಲ್ಪ ದಿನಕ್ಕೇ ಶ್ರೋಡಿಂಗರ್ ಸಮೀಕರಣ ಹೊತ್ತು ತಂದರು. ನಾವು ಮೊದಲ ವರ್ಷ ಬಾಯಿಪಾಠ ಮಾಡುವ ಆ ಸಮೀಕರಣ ಹುಟ್ಟುವಾಗ ಸಭೆಯಲ್ಲಿ ಕೂತಿದ್ದ ವಿದ್ಯಾರ್ಥಿಗಳಲ್ಲಿ ಬ್ಲಾಕ್ ಒಬ್ಬರು.

1927ರಲ್ಲಿ ಅವರು ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ಹೈಸೆನ್‌ಬರ್ಗ್ ಅವರ ಬಳಿ ಸಂಶೋಧನೆಗೆ ಸೇರಿದರು. ಹೈಸೆನ್‌ಬರ್ಗ್ ಅವರಿಗೂ ಇವರೇ ಮೊದಲ ಪಿಎಚ್‌ಡಿ ವಿದ್ಯಾರ್ಥಿ. ಲೋಹದಲ್ಲಿ ಅಷ್ಟೊಂದು ಪರಮಾಣುಗಳು ಒತ್ತೊತ್ತಾಗಿ ನಿಂತಿರುವಾಗ ಎಲೆಕ್ಟ್ರಾನ್ ಹೇಗೆ ನುಸುಳಿಕೊಂಡು ಓಡುತ್ತೆ ಅನ್ನೋದು ಪ್ರಶ್ನೆ. ಪರಮಾಣುಗಳು ಒಂದೇ ಅಂತರದಲ್ಲಿ ಸಾಲಾಗಿದ್ದರೆ ಎಲೆಕ್ಟ್ರಾನಿನ ಅಲೆಗೆ ಅವು ಅಡ್ಡಿಯೇ ಅಲ್ಲ ಎಂದು 1928ರಲ್ಲಿ ಬ್ಲಾಕ್ ತೋರಿಸಿದರು. ಆಗ ವಯಸ್ಸು 22. ಸೆಮಿಕಂಡಕ್ಟರ್ ಪಾಠದ ಎನರ್ಜಿ ಬ್ಯಾಂಡ್‌ಗಳ ಬುಡದಲ್ಲಿ ಇರೋದು ಇದೇ ಬ್ಲಾಕ್ ಪ್ರಮೇಯ. ಈ ಒಂದು ಕೆಲಸಕ್ಕೇ ಅವರ ಹೆಸರು ಉಳಿಯುತ್ತಿತ್ತು.

ಊರು ಬಿಟ್ಟ ವರ್ಷ

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಅಧ್ಯಾಪಕರನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕುವ ಕಾನೂನು ಬಂತು. ಬ್ಲಾಕ್ ಆ ವಸಂತದಲ್ಲೇ ಜರ್ಮನಿ ಬಿಟ್ಟರು. ರೋಮ್‌ನಲ್ಲಿ ಎನ್ರಿಕೊ ಫರ್ಮಿ ಜೊತೆ ಕೆಲವು ಕಾಲ ಇದ್ದು, 1934ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸೇರಿದರು. 1939ರಲ್ಲಿ ಅಮೆರಿಕದ ಪ್ರಜೆಯಾದರು. 1940ರಲ್ಲಿ ತಮ್ಮಂತೆಯೇ ಜರ್ಮನಿ ಬಿಟ್ಟು ಬಂದಿದ್ದ ಭೌತವಿಜ್ಞಾನಿ ಲೋರೆ ಮಿಶ್ ಅವರನ್ನು ಮದುವೆಯಾದರು. ನಾಲ್ಕು ಮಕ್ಕಳಾದವು.

ಸ್ಟ್ಯಾನ್‌ಫರ್ಡ್‌ನಲ್ಲಿ ಕಾಗದ ಪೆನ್ಸಿಲಿನ ಈ ಮನುಷ್ಯ ಮೊದಲ ಸಲ ಪ್ರಯೋಗಕ್ಕೆ ಕೈ ಹಾಕಿದರು. ನ್ಯೂಟ್ರಾನಿಗೆ ವಿದ್ಯುದಾವೇಶ ಇಲ್ಲ, ಆದರೂ ಅದೊಂದು ಪುಟ್ಟ ಆಯಸ್ಕಾಂತದಂತೆ ವರ್ತಿಸುತ್ತೆ. ಆ ಆಯಸ್ಕಾಂತದ ಬಲ ಎಷ್ಟು? 1939ರಲ್ಲಿ ಬರ್ಕ್ಲಿಯ ಸೈಕ್ಲೊಟ್ರಾನ್ ಬಳಸಿ ಲೂಯಿಸ್ ಆಲ್ವರೇಜ್ ಜೊತೆ ಅದನ್ನು ಅಳೆದರು. ಇಲ್ಲಿ ಒಂದು ಕಿರಿಕಿರಿ ಇತ್ತು. ರೇಡಿಯೋ ಆವರ್ತನವನ್ನು ಬಹಳ ನಿಖರವಾಗಿ ಓದಬಹುದಿತ್ತು, ಆದರೆ ಕಾಂತಕ್ಷೇತ್ರವನ್ನು ಅಷ್ಟು ನಿಖರವಾಗಿ ಅಳೆಯುವ ಮೀಟರ್ ಇರಲಿಲ್ಲ. ತಕ್ಕಡಿ ಸರಿ ಇದೆ, ತೂಕದ ಬಟ್ಟು ಸರಿ ಇಲ್ಲ ಅನ್ನೋ ಪರಿಸ್ಥಿತಿ. ನೀರಿನಲ್ಲಿರುವ ಪ್ರೋಟಾನುಗಳನ್ನೇ ಕಾಂತಕ್ಷೇತ್ರದ ಮೀಟರ್ ಮಾಡಿಕೊಂಡರೆ ಹೇಗೆ ಅನ್ನುವ ಯೋಚನೆಗೆ ದಾರಿ ಮಾಡಿದ್ದು ಈ ಕಿರಿಕಿರಿ. ಅಜ್ಜಿಯ ಸೊಂಟದ ಸ್ಕ್ಯಾನ್ ಯಾರ ತಲೆಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು. ಬ್ಲಾಕ್ ಮೊದಲು ಅಣುಬಾಂಬಿನ ಲಾಸ್ ಅಲಮೋಸ್‌ಗೆ ಹೋದರು. ಅಲ್ಲಿನ ಮಿಲಿಟರಿ ವಾತಾವರಣ ಅವರಿಗೆ ಹಿಡಿಸಲಿಲ್ಲ. ಬಿಟ್ಟು ಹಾರ್ವರ್ಡ್‌ನ ರೇಡಿಯೋ ಸಂಶೋಧನಾ ಪ್ರಯೋಗಾಲಯ ಸೇರಿದರು. ಅದರ ಮುಖ್ಯಸ್ಥರು ಸ್ಟ್ಯಾನ್‌ಫರ್ಡ್‌ನ ಎಲೆಕ್ಟ್ರಿಕಲ್ ಎಂಜಿನಿಯರ್ ಫ್ರೆಡರಿಕ್ ಟರ್ಮನ್. ಕೆಲಸ ಶತ್ರುಗಳ ರಾಡಾರಿಗೆ ಮಂಕುಬೂದಿ ಎರಚುವ ತಂತ್ರಗಳದ್ದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಬಿಟ್ಟು ಬಂದ ಎಂಜಿನಿಯರಿಂಗ್ ಈಗ ಹಿಂಬಾಗಿಲಿನಿಂದ ಮನೆಗೆ ಬಂತು. ರೇಡಿಯೋ ತಂತ್ರಜ್ಞಾನದ ಹೊಸ ಹೊಸ ಬೆಳವಣಿಗೆಗಳನ್ನು ಬ್ಲಾಕ್ ಅಲ್ಲಿ ಕೈಯಾರೆ ಕಲಿತರು.

ನೀರಿನಿಂದ ಬಂದ ಸಿಗ್ನಲ್

1945ರ ಕೊನೆಗೆ ಸ್ಟ್ಯಾನ್‌ಫರ್ಡ್‌ಗೆ ವಾಪಸ್ ಬಂದಾಗ ಜೊತೆಗಿದ್ದವರು ಇಬ್ಬರು. ಒಬ್ಬರು ವಿಲಿಯಂ ಹ್ಯಾನ್ಸನ್, ಮೈಕ್ರೋವೇವ್ ಪಳಗಿಸಿದ ಅಪರೂಪದ ತಲೆ. ಇನ್ನೊಬ್ಬರು ವಿದ್ಯಾರ್ಥಿ ಮಾರ್ಟಿನ್ ಪ್ಯಾಕರ್ಡ್. ಪ್ರಯೋಗದ ಉಪಾಯ ಸರಳ. ಆಯಸ್ಕಾಂತದ ನಡುವೆ ನೀರು ಇಡೋದು. ಒಂದು ಕಾಯಿಲ್‌ನಿಂದ ರೇಡಿಯೋ ಅಲೆ ಕೊಡೋದು. ಅದಕ್ಕೆ ಲಂಬವಾಗಿ ಇನ್ನೊಂದು ಕಾಯಿಲ್ ಇಟ್ಟು ಕಾಯೋದು. ಲಂಬವಾಗಿ ಯಾಕೆ? ಕಳಿಸುವವನ ಕೂಗು ಕೇಳುವವನ ಕಿವಿಗೆ ನೇರ ಬೀಳಬಾರದು, ನೀರು ಕೊಡುವ ಪಿಸುಮಾತು ಮಾತ್ರ ಕೇಳಬೇಕು ಅಂತ.

1946ರ ಜನವರಿಯಲ್ಲಿ ಪಿಸುಮಾತು ಕೇಳಿಸಿತು. ಕಾಯಿಲ್ ಒಳಗೆ ತಮ್ಮ ಬೆರಳನ್ನೇ ಇಟ್ಟು ಬ್ಲಾಕ್ ಸಿಗ್ನಲ್ ಪಡೆದರು ಅಂತಲೂ ಹೇಳ್ತಾರೆ. ಅದು ನಿಜವಾದರೆ ಮನುಷ್ಯನ ಮೈಯಿಂದ ಬಂದ ಮೊದಲ ಇಂಥ ಸಿಗ್ನಲ್‌ಗಳಲ್ಲಿ ಅದೂ ಒಂದು. ಕೆಲವೇ ವಾರ ಮೊದಲು, 1945ರ ಡಿಸೆಂಬರ್‌ನಲ್ಲಿ, ಹಾರ್ವರ್ಡ್ ಬಳಿ ಎಡ್ವರ್ಡ್ ಪರ್ಸೆಲ್ ಮತ್ತು ಸಂಗಡಿಗರು ಮೇಣದಲ್ಲಿ ಇದೇ ಪರಿಣಾಮ ಕಂಡಿದ್ದರು. ಎರಡು ಗುಂಪಿಗೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. 1952ರ ನೊಬೆಲ್ ಬ್ಲಾಕ್, ಪರ್ಸೆಲ್ ಇಬ್ಬರಿಗೂ ಸೇರಿ ಬಂತು.

ಒಂದು ಹೆಸರು ಮಾತ್ರ ಅಲ್ಲಿ ಇರಲಿಲ್ಲ. ಆ ರೇಡಿಯೋ ಉಪಕರಣಕ್ಕೆ ಜೀವ ಕೊಟ್ಟ ಹ್ಯಾನ್ಸನ್ ಶ್ವಾಸಕೋಶದ ಕಾಯಿಲೆಯಿಂದ 1949ರ ಮೇ ತಿಂಗಳಲ್ಲಿ, 39ನೇ ವಯಸ್ಸಿಗೆ ತೀರಿಕೊಂಡಿದ್ದರು. ನೊಬೆಲ್ ಸತ್ತವರಿಗೆ ಕೊಡೋದಿಲ್ಲ. ಬದುಕಿದ್ದರೆ ಕೊಡುತ್ತಿದ್ದರೋ ಇಲ್ಲವೋ, ಆ ಲೆಕ್ಕ ಬೇಡ. ಆದರೆ ಪ್ರಯೋಗ ವಿಭಾಗದಲ್ಲಿ ಸರ್ಕ್ಯೂಟ್ ಕಟ್ಟುವವರ ಹೆಸರು ಪೋಸ್ಟರಿನಲ್ಲಿ ಕೊನೆಗೆ ಬರೋದನ್ನ ನೋಡಿದ ನಮಗೆ ಹ್ಯಾನ್ಸನ್ ನೆನಪಿರಬೇಕು.

ಬುಗುರಿ, ಕೋಲಾಟ ಮತ್ತು ಎರಡು ಸಂಖ್ಯೆ

ಬ್ಲಾಕ್ 1946ರಲ್ಲಿ ಬರೆದ ಸಮೀಕರಣಗಳ ತಿರುಳು ಇಷ್ಟು. ನಮ್ಮ ಮೈಯಲ್ಲಿ ನೀರು, ಕೊಬ್ಬು ಎರಡರಲ್ಲೂ ಹೈಡ್ರೋಜನ್ ಇದೆ. ಅದರ ನ್ಯೂಕ್ಲಿಯಸ್ ಅಂದರೆ ಪ್ರೋಟಾನ್, ಒಂದು ಪುಟ್ಟ ತಿರುಗುವ ಆಯಸ್ಕಾಂತ. 1.5 ಟೆಸ್ಲಾ ಯಂತ್ರದೊಳಗೆ ಕ್ಷೇತ್ರದ ದಿಕ್ಕಿಗೆ ಇರುವವು, ಎದುರು ದಿಕ್ಕಿಗೆ ಇರುವವು ಹೆಚ್ಚೂಕಮ್ಮಿ ಸಮ. ಹತ್ತು ಲಕ್ಷಕ್ಕೆ ಸುಮಾರು ಐದರಷ್ಟು ಮಾತ್ರ ವ್ಯತ್ಯಾಸ. ಆ ಸಣ್ಣ ವ್ಯತ್ಯಾಸವೇ ಬಂಡವಾಳ. ಅದರ ಒಟ್ಟು ಮೊತ್ತವನ್ನು ಒಂದೇ ಬಾಣದಂತೆ ಬ್ಲಾಕ್ ನೋಡಿದರು.

ಆ ಬಾಣವನ್ನು ಸ್ವಲ್ಪ ವಾಲಿಸಿದರೆ ಅದು ಬುಗುರಿ ಹಾಗೆ ಸುತ್ತುತ್ತೆ. ಒಂದು ಟೆಸ್ಲಾಗೆ ಸೆಕೆಂಡಿಗೆ 42.58 ಮಿಲಿಯನ್ ಸುತ್ತು. ಅಂದರೆ 1.5 ಟೆಸ್ಲಾದಲ್ಲಿ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದಲ್ಲಿ ಸುಮಾರು 128. ಮೈಸೂರು ಆಕಾಶವಾಣಿಯ ಎಫ್‌ಎಂ 100.6 ಇವೆರಡರ ನಡುವೆ ಬೀಳುತ್ತೆ. ಸ್ಕ್ಯಾನ್ ರೂಮಿನ ಗೋಡೆಗೆಲ್ಲ ಲೋಹದ ಹೊದಿಕೆ ಹಾಕೋದು ಇದಕ್ಕೇ, ಹೊರಗಿನ ರೇಡಿಯೋ ಒಳಗೆ ನುಗ್ಗಬಾರದು.

ವಾಲಿಸೋದು ಹೇಗೆ? ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಚಿಕ್ಕ ಮಗುವೂ ಎತ್ತರಕ್ಕೆ ಕಳಿಸಬಹುದು. ರೇಡಿಯೋ ಅಲೆ ಅದೇ ಲಯದಲ್ಲಿ ತಳ್ಳುತ್ತೆ. ಒಂದು ಮಿಲಿಸೆಕೆಂಡಿನಲ್ಲಿ ಬಾಣವನ್ನು 90 ಡಿಗ್ರಿ ಮಲಗಿಸೋಕೆ ಬೇಕಾದ ಕ್ಷೇತ್ರ ಬರೀ 5.9 ಮೈಕ್ರೊಟೆಸ್ಲಾ. ನಮ್ಮ ಮಂಡ್ಯದ ನೆಲದ ಮೇಲಿನ ಭೂಮಿಯ ಕಾಂತಕ್ಷೇತ್ರ ಸುಮಾರು 40. ಅದರ ಏಳನೇ ಒಂದು ಭಾಗ ಸಾಕು.

ತಳ್ಳೋದು ನಿಲ್ಲಿಸಿದ ಮೇಲೆ ಎರಡು ಸಂಗತಿ ನಡೆಯುತ್ತೆ. ಬಾಣ ನಿಧಾನವಾಗಿ ಮೊದಲಿನ ದಿಕ್ಕಿಗೆ ಮರಳುತ್ತೆ. ಅದರ ಕಾಲ ಟಿ1. ಜೊತೆಗೆ ಒಂದೇ ತಾಳಕ್ಕೆ ಸುತ್ತುತ್ತಿದ್ದ ಪ್ರೋಟಾನುಗಳು ತಾಳ ತಪ್ಪುತ್ತವೆ. ಕೋಲಾಟದಲ್ಲಿ ಒಬ್ಬೊಬ್ಬರೇ ಹೆಜ್ಜೆ ತಪ್ಪುತ್ತಾ ಹೋದರೆ ಕೋಲಿನ ಸದ್ದು ಒಟ್ಟಿಗೆ ಬರದೆ ಚದುರಿ ಹೋಗುತ್ತಲ್ಲ, ಹಾಗೆ. ಆ ಕಾಲ ಟಿ2. ನೀರು, ಕೊಬ್ಬು, ನರ, ಊದಿಕೊಂಡ ಜಾಗ ಒಂದೊಂದಕ್ಕೂ ಬೇರೆ ಬೇರೆ ಟಿ1, ಟಿ2. ಎಂಆರ್‌ಐ ಫಿಲ್ಮಿನಲ್ಲಿ ಕಾಣುವ ಕಪ್ಪು ಬಿಳುಪಿನ ಬಹುಪಾಲು ಈ ಎರಡು ಸಂಖ್ಯೆಗಳ ಆಟ.

ಇಷ್ಟು ಗೊತ್ತಾದ ಮೇಲೆ ಸ್ಟಿರ್ ಕೂಡ ಅರ್ಥವಾಗುತ್ತೆ. ಮೊದಲು 180 ಡಿಗ್ರಿ ಪಲ್ಸ್ ಕೊಟ್ಟು ಬಾಣವನ್ನು ತಲೆಕೆಳಗು ಮಾಡ್ತಾರೆ. ಅದು ಮರಳಿ ಏರುವಾಗ ಒಂದು ಕ್ಷಣ ಸೊನ್ನೆ ದಾಟಬೇಕು. ಆ ಕ್ಷಣ ಟಿ1ರ 0.69 ಪಟ್ಟು, ಅಂದರೆ ಎರಡರ ನ್ಯಾಚುರಲ್ ಲಾಗ್. 1.5 ಟೆಸ್ಲಾದಲ್ಲಿ ಕೊಬ್ಬಿನ ಟಿ1 ಸುಮಾರು 250 ಮಿಲಿಸೆಕೆಂಡ್, ಹಾಗಾಗಿ ಸುಮಾರು 170ಕ್ಕೆ ಅದು ಸೊನ್ನೆ. ಸರಿಯಾಗಿ ಆಗ ಚಿತ್ರ ತೆಗೆದರೆ ಕೊಬ್ಬು ಮಾಯ. ಮೂಳೆಯ ಮಜ್ಜೆಯ ಕೊಬ್ಬಿನ ನಡುವೆ ಅಡಗಿದ್ದ ಊತ ಬೆಳ್ಳಗೆ ಎದ್ದು ಕಾಣುತ್ತೆ. ಅಜ್ಜಿಯ ಬೆನ್ನುಮೂಳೆಯಲ್ಲಿ ಡಾಕ್ಟರು ಹುಡುಕಿದ್ದು ಅದನ್ನೇ.

ಬೆಂಗಳೂರಿನ ನಳಿಕೆ, ಜ್ಯೂರಿಕ್‌ನ ಪುಟ

ರೇಡಿಯೋ ಅಲೆಯನ್ನು ಎಡೆಬಿಡದೆ ಕೊಡುವ ಬದಲು ಚಿಕ್ಕ ಪಲ್ಸ್ ಆಗಿ ಕೊಡಬಹುದು ಎನ್ನುವ ಸೂಚನೆ ಬ್ಲಾಕ್ ಲೇಖನದಲ್ಲೇ ಇತ್ತು. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಎರ್ವಿನ್ ಹಾನ್. ಎರಡು ಪಲ್ಸ್ ಕೊಟ್ಟರೆ ಸತ್ತುಹೋಯಿತು ಅಂದುಕೊಂಡ ಸಿಗ್ನಲ್ ಪ್ರತಿಧ್ವನಿಯಾಗಿ ಎದ್ದು ಬರುತ್ತೆ ಎಂದು 1950ರಲ್ಲಿ ಪ್ರಕಟಿಸಿ, ಆಮೇಲೆ ಬ್ಲಾಕ್ ಅವರ ಬಳಿಯೇ ಕೆಲಸ ಮಾಡಲು ಸ್ಟ್ಯಾನ್‌ಫರ್ಡ್‌ಗೆ ಬಂದರು.

ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ ಒಬ್ಬ ಭಾರತೀಯರೂ ಇದ್ದರು, ಎಸ್.ಎಸ್. ಧರ್ಮಟ್ಟಿ. 1951ರಲ್ಲಿ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಮೂವರು ಸೇರಿ ಎಥೆನಾಲ್ ಒಂದು ಗೆರೆಯಲ್ಲ, ಮೂರು ಗೆರೆ ಕೊಡುತ್ತೆ ಎಂದು ತೋರಿಸಿದರು. ಕೆಮಿಸ್ಟ್ರಿಯವರು ಇವತ್ತಿಗೂ ಬಳಸುವ ಎನ್‌ಎಂಆರ್‌ಗೆ ಅದು ಹೆಬ್ಬಾಗಿಲು. ಧರ್ಮಟ್ಟಿ ಆಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಯ ತಂಡ ಕಟ್ಟಿದರು.

ಅದೇ 1951ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಇನ್ನೊಂದು ಪ್ರಶ್ನೆ ಕೇಳಿದರು. ನೀರು ನಿಂತಿರದೆ ನಳಿಕೆಯಲ್ಲಿ ಹರಿಯುತ್ತಿದ್ದರೆ? ನಿಂತ ನೀರಿಗೆ ರೇಡಿಯೋ ಅಲೆ ಕೊಡುತ್ತಲೇ ಇದ್ದರೆ ಪ್ರೋಟಾನುಗಳು ದಣಿದು ಸಿಗ್ನಲ್ ಕುಗ್ಗುತ್ತೆ. ಹರಿಯುವ ನೀರಿನಲ್ಲಿ, ಹೇಮಾವತಿ ನಾಲೆಯ ಹೊಸ ನೀರು ಗದ್ದೆಗೆ ನುಗ್ಗಿದ ಹಾಗೆ, ದಣಿಯದ ಪ್ರೋಟಾನುಗಳು ಕಾಯಿಲ್ ಒಳಗೆ ಬರುತ್ತಲೇ ಇರುತ್ತವೆ, ಸಿಗ್ನಲ್ ಏರುತ್ತೆ. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಇವತ್ತು ಬಣ್ಣದ ಮದ್ದು ಚುಚ್ಚದೆ ಮೆದುಳಿನ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಫಿ ನಿಂತಿರೋದು ಇದೇ ತತ್ವದ ಮೇಲೆ. ನಿಂತ ಮಾಂಸ ಮಂಕು, ಹರಿಯುವ ರಕ್ತ ಬೆಳಕು.

1973ರಲ್ಲಿ ಪಾಲ್ ಲಾಟರ್ಬರ್ ಗ್ರೇಡಿಯಂಟ್ ಬಳಸಿ ನೀರಿನ ನಳಿಕೆಗಳ ಚಿತ್ರ ತೆಗೆದರು. 1975ರಲ್ಲಿ ಅನಿಲ್ ಕುಮಾರ್, ವೆಲ್ಟಿ, ರಿಚರ್ಡ್ ಅರ್ನ್ಸ್ಟ್ ಸೇರಿ, ಪಲ್ಸ್ ಕೊಟ್ಟು ಬಂದ ಸಿಗ್ನಲ್‌ಗೆ ಫೂರಿಯೇ ಪರಿವರ್ತನೆ ಮಾಡಿ ಚಿತ್ರ ಕಟ್ಟುವ ದಾರಿ ತೋರಿಸಿದರು. ಆ ಕೆಲಸ ಆಗಿದ್ದು ಇಟಿಎಚ್‌ನಲ್ಲಿ, ಐವತ್ತು ವರ್ಷ ಹಿಂದೆ ಬ್ಲಾಕ್ ಎಂಜಿನಿಯರಿಂಗ್ ಬಿಟ್ಟ ಅದೇ ಸಂಸ್ಥೆಯಲ್ಲಿ. ಅನಿಲ್ ಕುಮಾರ್ ಆಮೇಲೆ ದಶಕಗಳ ಕಾಲ ಪಾಠ, ಸಂಶೋಧನೆ ಮಾಡಿದ್ದು ಸೂರ್ಯನ್ ಕೆಲಸ ಮಾಡಿದ ಅದೇ ಬೆಂಗಳೂರಿನ ಸಂಸ್ಥೆಯಲ್ಲಿ.

ಪಲ್ಸ್ ಅಂದ್ರೆ ಫಿಲ್ಟರ್

ಈಗ ನಮ್ಮ ಸಿಲಬಸ್ಸಿಗೆ ಬರೋಣ. ಇಡೀ ದೇಹವಲ್ಲ, 5 ಮಿಲಿಮೀಟರ್ ದಪ್ಪದ ಒಂದೇ ಹೋಳು ಬೇಕು ಅಂದ್ರೆ ಏನು ಮಾಡಬೇಕು? ಮೀಟರಿಗೆ 10 ಮಿಲಿಟೆಸ್ಲಾ ಗ್ರೇಡಿಯಂಟ್ ಹಾಕಿದರೆ ಆ ಹೋಳಿನ ಈ ಬದಿಗೂ ಆ ಬದಿಗೂ ಆವರ್ತನದಲ್ಲಿ ಸುಮಾರು 2,100 ಹರ್ಟ್ಸ್ ವ್ಯತ್ಯಾಸ. ಅಷ್ಟೇ ಬ್ಯಾಂಡ್‌ವಿಡ್ತ್ ಇರುವ ಪಲ್ಸ್ ಕೊಟ್ಟರೆ ಆ ಹೋಳು ಮಾತ್ರ ಎಚ್ಚರಗೊಳ್ಳುತ್ತೆ. ಚೌಕಾಕಾರದ ಬ್ಯಾಂಡ್ ಬೇಕು ಅಂದರೆ ಕಾಲದಲ್ಲಿ ಸಿಂಕ್ ಆಕಾರ. ಆದರೆ ಸಿಂಕ್‌ಗೆ ಕೊನೆಯಿಲ್ಲ, ಕತ್ತರಿಸಬೇಕು. ಕತ್ತರಿಸಿದರೆ ಅಂಚಿನಲ್ಲಿ ಅಲುಗು, ಪಕ್ಕದ ಹೋಳಿಗೂ ಸೋರಿಕೆ. ಜೊತೆಗೆ ಬ್ಲಾಕ್ ಸಮೀಕರಣ ದೊಡ್ಡ ಕೋನಗಳಲ್ಲಿ ಲೀನಿಯರ್ ಅಲ್ಲ, ಫೂರಿಯೇ ಕೈಕೊಡುತ್ತೆ. 1991ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಪಾಲಿ ಮತ್ತು ಸಂಗಡಿಗರು ವಿವರಿಸಿದ ಶಿನ್ನಾರ್-ಲೆ ರೂ ವಿಧಾನ ಈ ಗಂಟನ್ನು ಚಂದವಾಗಿ ಬಿಚ್ಚಿತು. ಪಲ್ಸ್ ಮಾಡುವ ಸಮಸ್ಯೆಯನ್ನೇ ಎಫ್‌ಐಆರ್ ಫಿಲ್ಟರ್ ಮಾಡುವ ಸಮಸ್ಯೆಯಾಗಿ ಬದಲಿಸಿತು. ಡಿಎಸ್‌ಪಿ ಲ್ಯಾಬಿನಲ್ಲಿ ನಾವು ಬಯ್ದುಕೊಂಡು ಮಾಡುವ ಅದೇ ಫಿಲ್ಟರ್.

ಇನ್ನೊಂದು ತಾಪತ್ರಯ 3 ಟೆಸ್ಲಾ ಮತ್ತು ಅದಕ್ಕೂ ಮೇಲಿನ ಯಂತ್ರಗಳದ್ದು. ಆವರ್ತನ ಹೆಚ್ಚಿದಂತೆ ಮೈಯೊಳಗೆ ರೇಡಿಯೋ ಅಲೆಯ ಉದ್ದ ಚಿಕ್ಕದಾಗಿ, ಒಂದು ಕಡೆ ಪಲ್ಸ್ ಜೋರು, ಇನ್ನೊಂದು ಕಡೆ ಮೆದು. ಚಿತ್ರದಲ್ಲಿ ಮಬ್ಬು ಕಲೆ. ಇದಕ್ಕೆ ಮದ್ದು ಅಡಿಯಾಬ್ಯಾಟಿಕ್ ಪಲ್ಸ್. ಆವರ್ತನವನ್ನು ನಿಧಾನವಾಗಿ ಗುಡಿಸಿಕೊಂಡು ಹೋದರೆ ಬಾಣ ಪಲ್ಸಿನ ಬೆನ್ನಿಗೆ ಬಿದ್ದು ತಿರುಗುತ್ತೆ. ಬಲ ಒಂದು ಮಿತಿ ದಾಟಿದ್ದರೆ ಸಾಕು, ಹೆಚ್ಚುಕಮ್ಮಿ ಆದರೂ ಫಲಿತಾಂಶ ಒಂದೇ. ಈ ಉಪಾಯದ ಬೀಜ ಕೂಡ ಬ್ಲಾಕ್ ಅವರ 1946ರ ಲೇಖನದಲ್ಲೇ ಇದೆ. ಬೆಲೆ ಮಾತ್ರ ಕಟ್ಟಬೇಕು. ಪಲ್ಸ್ ಉದ್ದವಾಗುತ್ತೆ, ಮೈ ಬಿಸಿಯಾಗುವ ಲೆಕ್ಕ ಏರುತ್ತೆ. ಅದೇ ಅವಧಿಯಲ್ಲಿ 90ರ ಬದಲು 180 ಡಿಗ್ರಿ ತಿರುಗಿಸೋಕೇ ನಾಲ್ಕು ಪಟ್ಟು ಶಕ್ತಿ ಬೇಕು. ಹಾಗಾಗಿ ರೋಗಿಯ ತೂಕ ಕೇಳಿಕೊಂಡೇ ಸ್ಕ್ಯಾನ್ ಶುರು ಮಾಡ್ತಾರೆ. ಅಜ್ಜಿಯನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದರು. ಯಾಕೆ ಅಂತ ಆಗ ನನಗೆ ಹೊಳೆದಿರಲಿಲ್ಲ.

ಕೊನೆಯ ವರ್ಷಗಳು

ನೊಬೆಲ್ ಬಂದ ಮೇಲೆ 1954ರಲ್ಲಿ ಜಿನೀವಾದ ಸರ್ನ್ ಸಂಸ್ಥೆಗೆ ಮೊದಲ ಮಹಾನಿರ್ದೇಶಕರಾಗಿ ಬ್ಲಾಕ್ ಹೋದರು. ಆಡಳಿತದ ಫೈಲು ಅವರ ಜಾಯಮಾನಕ್ಕೆ ಒಗ್ಗಲಿಲ್ಲ. ಎಂಜಿನಿಯರಿಂಗ್ ಬಿಟ್ಟ ಹಾಗೇ ಒಂದು ವರ್ಷಕ್ಕೆ ಅದನ್ನೂ ಬಿಟ್ಟು 1955ರಲ್ಲಿ ಸ್ಟ್ಯಾನ್‌ಫರ್ಡ್‌ಗೆ, ಪಾಠಕ್ಕೆ, ಮರಳಿದರು. 1971ರಲ್ಲಿ ನಿವೃತ್ತರಾದರು. 1983ರ ಸೆಪ್ಟೆಂಬರ್ 10ರಂದು, ಹುಟ್ಟಿದ ಊರು ಜ್ಯೂರಿಕ್‌ನಲ್ಲೇ ತೀರಿಕೊಂಡರು. ಎಂಆರ್‌ಐ ಯಂತ್ರಗಳು ಆಸ್ಪತ್ರೆಗಳಿಗೆ ಕಾಲಿಡುತ್ತಿದ್ದ ಕಾಲ ಅದು.

ಬ್ಲಾಕ್ ಎಂಜಿನಿಯರಿಂಗ್ ಬಿಟ್ಟಿದ್ದು ಸರಿಯೋ ತಪ್ಪೋ ಅಂತ ನಮ್ಮ ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ ಚರ್ಚೆ ಆಯಿತು. ಬಿಡದಿದ್ದರೆ ಆ ಸಮೀಕರಣ ಬರುತ್ತಿರಲಿಲ್ಲ ಅಂತ ಒಬ್ಬ. ರಾಡಾರ್ ಲ್ಯಾಬ್ ಮತ್ತು ಹ್ಯಾನ್ಸನ್ ಇಲ್ಲದಿದ್ದರೆ ಅದು ಕಾಗದದ ಮೇಲೇ ಇರುತ್ತಿತ್ತು ಅಂತ ಇನ್ನೊಬ್ಬ. ನನಗೆ ಇಬ್ಬರದ್ದೂ ಸರಿ ಅನಿಸಿತು.

ಮೊನ್ನೆ ಊರಿಗೆ ಹೋದಾಗ ಜಗುಲಿ ಮೇಲೆ ಬುಗುರಿ ಆಡಿಸಿ ಅಜ್ಜಿಗೆ ತೋರಿಸಿದೆ. ನಿನ್ನ ಮೈಯ ನೀರೆಲ್ಲಾ ಹಿಂಗೇ ತಿರುಗುತ್ತೆ, ರೇಡಿಯೋ ಅದನ್ನ ತಳ್ಳುತ್ತೆ, ಅದು ವಾಪಸ್ ಕೂಗುತ್ತೆ ಅಂದೆ. ಅಜ್ಜಿ ಬುಗುರಿ ನಿಲ್ಲೋವರೆಗೂ ನೋಡಿ, ಸರಿ, ಆ ಬಂಡೆ ಒಡೆಯೋ ಸದ್ದಾದ್ರೂ ನಿಲ್ಲಿಸೋಕೆ ಆಗಲ್ವಾ ಅಂತ ಕೇಳಿತು. ಅದು ಇನ್ನೂ ಪೂರ್ತಿ ಬಗೆಹರಿದಿಲ್ಲ. ನಮ್ಮಲ್ಲಿ ಯಾರಾದರೂ ಕೈ ಹಾಕಬಹುದು.